ಅಪ್ಪನ ಥರಾನೇ ಮಗ ಅಂತ ಇಂಗ್ಲಿಷಲ್ಲಿ ಹೇಳೋದು ಹೆಂಗೆ? ತಪ್ಪಿಲ್ದೆ ಹೇಳೋಕೆ ಸಮಗ್ರ ಮಾರ್ಗದರ್ಶಿ

ದಾವಣಗೆರೆಲಿ ಸಂಜೆ ಹೊತ್ತು ಒಂದು ಸ್ಪೋಕನ್ ಇಂಗ್ಲಿಷ್ ಬ್ಯಾಚ್ ತಗೊಳ್ತೀನಿ. ಡಿಗ್ರಿ ಹುಡುಗ್ರು, ಅಂಗಡಿ ಬಾಗ್ಲು ಹಾಕಿ ಬರೋರು, ಮಕ್ಳನ್ನ ಟ್ಯೂಷನ್ನಿಗೆ ಬಿಟ್ಟು ಆ ಒಂದು ತಾಸು ಇಲ್ಲಿ ಕೂರೋ ತಾಯಂದಿರು, ಎಲ್ಲಾ ಥರದವ್ರೂ ಇರ್ತಾರೆ. ಬೇರೆ ಪಾಠ ಹೆಂಗೋ ದಾಟ್ತಾರೆ, ಆದ್ರೆ "ಮನೆಯವ್ರ ಫೋಟೋ ತಗೊಂಬರ್ರಿ, ಯಾರು ಯಾರ ಥರ ಇದಾರೆ ಹೇಳ್ರಿ" ಅಂದ ದಿನ ಎಲ್ರೂ ಸಾಲಾಗಿ ಒಂದೇ ಗುಂಡಿಗೆ ಬೀಳ್ತಾರೆ. "ಹೀ ಇಸ್ ಲುಕಿಂಗ್ ಸೇಮ್ ಲೈಕ್ ಹಿಸ್ ಫಾದರ್." "ಶೀ ಇಸ್ ರಿಸೆಂಬ್ಲಿಂಗ್ ವಿತ್ ಹರ್ ಮದರ್." ಸ್ವಲ್ಪ ಯೂಟ್ಯೂಬ್ ನೋಡ್ಕೊಂಡು ಬಂದಿರೋರು "ಐ ಆಮ್ ಡೆಡ್ ರಿಂಗರ್ ಆಫ್ ಮೈ ಮದರ್" ಅಂತಾರೆ. ಮೂರೂ ತಪ್ಪೇ.

ನಾನೂ ಬಿದ್ದೋನೇ ಬಿಡ್ರಿ. ಒಂದ್ಸಲ ಚಿತ್ರದುರ್ಗದಲ್ಲಿ ಸಂಬಂಧಿಕರ ಮನೆ ನಾಮಕರಣ, ಹುಡುಗ ಅಮೆರಿಕದಲ್ಲಿರೋದು, ಹೆಂಡ್ತಿ ಅಲ್ಲಿಯವಳೇ. ಇವ್ನು ಇಂಗ್ಲಿಷ್ ಮೇಷ್ಟ್ರು ಅಂತ ಎಲ್ರೂ ನನ್ನನ್ನೇ ತೊಟ್ಲ ಹತ್ರ ತಳ್ಳಿದ್ರು. ನಾನು ಗತ್ತಿನಿಂದ "ಹಿಸ್ ಫೇಸ್ ಕಟ್ ಇಸ್ ಸೇಮ್ ಲೈಕ್ ಫಾದರ್" ಅಂದೆ. ಆ ಹೆಣ್ಮಗಳ ನಗು ಅಲ್ಲೇ ನಿಂತೋಯ್ತು, ಕೂಸನ್ನ ಎತ್ಕೊಂಡು ಕುಲಾವಿ ಹಿಂದಕ್ಕೆ ಸರಿಸಿ, ಎಡಗೆನ್ನೆ ಬಲಗೆನ್ನೆ ಗದ್ದದ ಕೆಳಗೆ ಎಲ್ಲಾ ಬೆರಳಲ್ಲಿ ಸವರಿ ನೋಡಿ "ವೇರ್? ವೇರ್ ಇಸ್ ದ ಕಟ್?" ಅಂತ ಕೇಳಿದ್ಲು. ಮುಖಕ್ಕೆ ಗಾಯ ಆಗಿದೆ ಅಂತ ಅವಳು ತಿಳ್ಕೊಂಡಿದ್ಲು. ಫೇಸ್ ಕಟ್ ಅನ್ನೋದು ನಮ್ಮ ಕನ್ನಡದ ಮಾತಾಗಿ ಹೋಗಿದೆ, ಆ ಅರ್ಥದಲ್ಲಿ ಅದು ಇಂಗ್ಲಿಷೇ ಅಲ್ಲ.

ಈ ಗುಂಡಿಗೆ ಕಾರಣ ಒಂದೇ. ಕನ್ನಡದಲ್ಲಿ "ಥರ" ಅನ್ನೋ ಒಂದು ಶಬ್ದ ಎಲ್ಲಾ ಕೆಲ್ಸ ಮಾಡ್ತದೆ, ಮುಖಕ್ಕೂ ಅದೇ, ಗುಣಕ್ಕೂ ಅದೇ, ದೋಸೆಗೂ ಅದೇ. ಇಂಗ್ಲಿಷಲ್ಲಿ ಒಂದೊಂದಕ್ಕೂ ಬೇರೆ ಮಾತು, ಅದರ ಬಾಲಕ್ಕೆ ಬೇರೆ ಬೇರೆ ಚಿಕ್ಕ ಶಬ್ದ. ದೊಡ್ಡ ಶಬ್ದ ಎಲ್ರಿಗೂ ಗೊತ್ತಿರ್ತದೆ, ಕೈ ಕೊಡೋದು ಆ ಬಾಲ.

## ಮೊದ್ಲು ಏನೇನು ಬೇಕು

ಒಂದು ನೋಟ್‌ಬುಕ್ಕು. ಪುಟಕ್ಕೆ ನಾಲ್ಕು ಕಾಲಂ ಎಳೀರಿ: ಮಾತು, ಅದರ ಹಿಂದೆ ಬರೋ ಎ ಅಥವಾ ದ, ಅದರ ಮುಂದೆ ಬರೋ ಆಫ್ / ಫಾರ್ / ಟು, ಆಮೇಲೆ ನಿಮ್ಮ ಮನೆಯವ್ರ ಮೇಲೇ ಮಾಡಿದ ಒಂದು ವಾಕ್ಯ. ಪುಸ್ತಕದ ವಾಕ್ಯ ಬರೀಬ್ಯಾಡ್ರಿ, ತಲೇಲಿ ನಿಲ್ಲಲ್ಲ.

ಐದಾರು ಫ್ಯಾಮಿಲಿ ಫೋಟೋ, ಅದ್ರಲ್ಲಿ ಒಂದಾದ್ರೂ ಹಳೇದು ಇರ್ಲಿ. ಮೊಬೈಲಲ್ಲಿ ವಾಯ್ಸ್ ರೆಕಾರ್ಡರ್.

ಮತ್ತೆ ಒಂದು ಲರ್ನರ್ಸ್ ಡಿಕ್ಷನರಿ. ಆಕ್ಸ್‌ಫರ್ಡ್ ಆಗ್ಲಿ ಕೇಂಬ್ರಿಜ್ ಆಗ್ಲಿ ಆನ್‌ಲೈನಲ್ಲಿ ಫ್ರೀ ಸಿಗ್ತದೆ. ಇಂಗ್ಲಿಷ್–ಕನ್ನಡ ಡಿಕ್ಷನರಿ ಈ ಕೆಲ್ಸಕ್ಕೆ ಸಾಲಲ್ಲ, ಅದು "ಹೋಲು, ಸದೃಶವಾಗಿರು" ಅಂತ ಅರ್ಥ ಕೊಟ್ಟು ಸುಮ್ನಾಗ್ತದೆ, ಬಾಲ ಯಾವ್ದು ಅಂತ ಹೇಳೋದಿಲ್ಲ.

## ಹಂತ 1: ಏನು ಹೋಲ್ತದೆ ಅಂತ ಮೊದ್ಲು ತೀರ್ಮಾನ ಮಾಡ್ಕೊಳ್ರಿ

ಬಾಯಿ ತೆಗೆಯೋಕೆ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ರಿ, ಮುಖಾನಾ, ಗುಣಾನಾ, ವಸ್ತುನಾ? ಇದನ್ನ ಬಿಟ್ಟು ನೇರ ಹಂತ 4ಕ್ಕೆ ಹಾರೋರೇ ಜಾಸ್ತಿ, ಅವ್ರೇ ಮತ್ತೆ ಬಂದು "ಸಾರ್ ನಾನು ಹೇಳಿದ್ದಕ್ಕೆ ಅವ್ರು ನಕ್ರು" ಅಂತಾರೆ.

ಪ್ರಶ್ನೆ ಕೇಳೋವಾಗ್ಲೇ ಇದು ಎಡವಟ್ಟಾಗ್ತದೆ. "ವಾಟ್ ಡಸ್ ಶೀ ಲುಕ್ ಲೈಕ್?" ಅಂದ್ರೆ ನೋಡೋಕೆ ಹೆಂಗಿದಾಳೆ. "ವಾಟ್ ಇಸ್ ಶೀ ಲೈಕ್?" ಅಂದ್ರೆ ಹೆಂಥಾ ಮನುಷ್ಯಳು, ಗುಣ ಹೆಂಗೆ. "ವಾಟ್ ಡಸ್ ಶೀ ಲೈಕ್?" ಅಂದ್ರೆ ಅವಳಿಗೇನು ಇಷ್ಟ. ಒಬ್ರು ಇಂಟರ್‌ವ್ಯೂನಲ್ಲಿ "ವಾಟ್ ಇಸ್ ಯುವರ್ ಫಾದರ್ ಲೈಕ್?" ಅಂತ ಕೇಳಿದ್ದಕ್ಕೆ ನಮ್ಮ ಹುಡುಗ "ಹೀ ಲೈಕ್ಸ್ ಮಂಡಕ್ಕಿ ಮಿರ್ಚಿ" ಅಂದು ಬಂದ. ಸುಳ್ಳಲ್ಲ ಬಿಡ್ರಿ, ದಾವಣಗೆರೆಲಿ ಯಾರಿಗ್ ಇಷ್ಟ ಇಲ್ಲ, ಆದ್ರೆ ಕೇಳಿದ್ದು ಅದಲ್ಲ.

## ಹಂತ 2: ಸಾದಾ ವಾಕ್ಯ ಗಟ್ಟಿ ಮಾಡ್ಕೊಳ್ರಿ

ಇಡಿಯಂ, ಅಂದ್ರೆ ನುಡಿಗಟ್ಟು, ಎಲ್ಲಾ ಆಮೇಲೆ. ಲುಕ್ ಲೈಕ್, ರಿಸೆಂಬಲ್, ಟೇಕ್ ಆಫ್ಟರ್, ಈ ಮೂರು ಸರಿಯಾಗಿ ಬರ್ಲಿ, ಜೀವನ ಪೂರ್ತಿ ಇಷ್ಟರಲ್ಲೇ ನಡೀತದೆ.

ಲುಕ್ ಲೈಕ್. "ಹೀ ಲುಕ್ಸ್ ಲೈಕ್ ಹಿಸ್ ಫಾದರ್." ಕನ್ನಡದಲ್ಲಿ "ಅಪ್ಪನ ಥರ ಕಾಣ್ತಿದಾನೆ" ಅಂತೀವಲ್ಲ, ಆ "ತಿದಾನೆ" ನಮ್ಮನ್ನ ಎಳ್ಕೊಂಡು ಹೋಗಿ "ಇಸ್ ಲುಕಿಂಗ್ ಲೈಕ್" ಅನ್ನಿಸ್ಬಿಡ್ತದೆ. ಮುಖದ ಹೋಲಿಕೆ ಇವತ್ತು ಇದ್ದು ನಾಳೆ ಹೋಗೋದಲ್ಲ, ಅದಕ್ಕೆ ಇಂಗ್ ಬ್ಯಾಡ. ಒಂದು ಕಡೆ ಮಾತ್ರ ಇಂಗ್ ಚೆನ್ನಾಗಿ ಕೂರ್ತದೆ: ದಿನ ಹೋದಂಗೆ ಹೋಲಿಕೆ ಜಾಸ್ತಿ ಆಗ್ತಾ ಇದ್ರೆ, "ಹೀ ಇಸ್ ಲುಕಿಂಗ್ ಮೋರ್ ಆ್ಯಂಡ್ ಮೋರ್ ಲೈಕ್ ಹಿಸ್ ಫಾದರ್." ಮೀಸೆ ಬಿಡೋಕೆ ಶುರು ಮಾಡಿದ ಹುಡುಗರಿಗೆ ಇದು ಹೇಳಿ ಮಾಡ್ಸಿದ ವಾಕ್ಯ.

ರಿಸೆಂಬಲ್. ಇದಕ್ಕೆ ಬಾಲಾನೇ ಇಲ್ಲ. "ಶೀ ರಿಸೆಂಬಲ್ಸ್ ಹರ್ ಆಂಟ್." ಟು ಬ್ಯಾಡ, ವಿತ್ ಬ್ಯಾಡ, ಲೈಕ್ ಬ್ಯಾಡ, ಇಂಗ್ ಅಂತೂ ಬೇಡವೇ ಬೇಡ. ಆದ್ರೆ ಅದೇ ಶಬ್ದ ನಾಮಪದ ಆದ ತಕ್ಷಣ ಬಾಲ ಬರ್ತದೆ: "ಎ ರಿಸೆಂಬ್ಲೆನ್ಸ್ ಟು ಹರ್ ಆಂಟ್." ಇಬ್ರನ್ನೂ ಒಟ್ಟಿಗೆ ಹೇಳೋದಾದ್ರೆ "ಬಿಟ್ವೀನ್": "ದೇರ್ ಇಸ್ ಎ ರಿಸೆಂಬ್ಲೆನ್ಸ್ ಬಿಟ್ವೀನ್ ದೆಮ್." ನಾನು ಪ್ರತಿ ಬ್ಯಾಚಲ್ಲೂ ಅತಿ ಹೆಚ್ಚು ಸಲ ತಿದ್ದೋದು ಇದನ್ನೇ.

ಟೇಕ್ ಆಫ್ಟರ್. ನಮ್ಮ "ಅವ್ವನ್ನ ಹೋಲ್ತಾಳೆ" ಅನ್ನೋದಕ್ಕೆ ತೀರಾ ಹತ್ರ. ಮುಖಕ್ಕೂ ಆಗ್ತದೆ, ಗುಣಕ್ಕೂ ಆಗ್ತದೆ. "ಶೀ ಟೇಕ್ಸ್ ಆಫ್ಟರ್ ಹರ್ ಮದರ್." ಆದ್ರೆ ಇದು ಒನ್‌ವೇ ರೋಡು. ಮನೆಯಲ್ಲಿ ಕಿರಿಯರು ಹಿರಿಯರನ್ನ ಟೇಕ್ ಆಫ್ಟರ್ ಮಾಡ್ತಾರೆ, ಅಪ್ಪ ಮಗನ್ನ ಮಾಡಲ್ಲ. ರಕ್ತ ಸಂಬಂಧಾನೂ ಬೇಕು. "ಐ ಟೇಕ್ ಆಫ್ಟರ್ ಪುನೀತ್ ರಾಜ್‌ಕುಮಾರ್" ಅಂತ ಒಬ್ಬ ಅಂದ, ಇಂಗ್ಲಿಷ್ ಲೆಕ್ಕದಲ್ಲಿ ಅವ್ನು ದೊಡ್ಮನೆಯವ್ನಾಗ್ಬಿಟ್ಟ. ಅಭಿಮಾನಕ್ಕೆ ಹೇಳೋದಾದ್ರೆ "ಪೀಪಲ್ ಸೇ ಐ ಲುಕ್ ಲೈಕ್" ಸಾಕು. ಇನ್ನೊಂದು ವಿಷ್ಯ, "ಐ ಆಮ್ ಟೇಕಿಂಗ್ ಆಫ್ಟರ್" ಅನ್ಬ್ಯಾಡ್ರಿ, ಇಲ್ಲೂ ಇಂಗ್ ಹೊಂದಲ್ಲ.

ಫೇಸ್ ಕಟ್ ಬದ್ಲಿಗೆ ಏನು? ಇಂಗ್ಲಿಷಲ್ಲಿ ಅಂಗಾಂಗದ ಲೆಕ್ಕ ಕೊಡ್ತಾರೆ, ನಮ್ಮ ಅಜ್ಜಿಯರ ಥರಾನೇ. ನಮ್ಮಲ್ಲಿ "ಅಪ್ಪನ ಮೂಗು, ಅವ್ವನ ಕಣ್ಣು" ಅಂತಾರಲ್ಲ, ಅದನ್ನ ಹಂಗೇ ಇಳ್ಸಿದ್ರೆ ಸರಿಯಾದ ಇಂಗ್ಲಿಷು: "ಹೀ ಹ್ಯಾಸ್ ಹಿಸ್ ಫಾದರ್ಸ್ ನೋಸ್ ಆ್ಯಂಡ್ ಹಿಸ್ ಮದರ್ಸ್ ಐಸ್." ನಾನು ಆವತ್ತು ತೊಟ್ಲ ಹತ್ರ ಇಷ್ಟು ಅಂದಿದ್ರೆ ಸಾಕಾಗ್ತಿತ್ತು.

ಮತ್ತೆ ಸೇಮ್. "ಸೇಮ್ ಲೈಕ್" ಅನ್ನೋದು ಇಲ್ಲ, "ದ ಸೇಮ್ ಆ್ಯಸ್" ಇದೆ. "ಸಿಮಿಲರ್ ವಿತ್" ಇಲ್ಲ, "ಸಿಮಿಲರ್ ಟು". "ಸೇಮ್ ಟು ಸೇಮ್" ನಮ್ಮೂರಲ್ಲಿ ಓಡ್ತದೆ, ಹೊರಗಡೆ ಓಡಲ್ಲ.

## ಹಂತ 3: ಎಷ್ಟು ಹೋಲ್ತದೆ ಅಂತ ಅಳತೆ ಹಾಕ್ರಿ

ಚಿತ್ರದುರ್ಗದ ಕೋಟೆಗೆ ಹೋದ್ರೆ ಬಂಡೆ ತೋರ್ಸಿ "ಇದು ಆನೆ ಥರ ಐತಿ, ಅದು ಕಪ್ಪೆ ಥರ ಐತಿ" ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಕೆಲವು ನಿಜವಾಗ್ಲೂ ಆನೆ. ಕೆಲವುದಕ್ಕೆ ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಸ್ವಲ್ಪ ನಂಬಿಕೆನೂ ಸೇರ್ಸಿ ನೋಡ್ಬೇಕು. ಇಂಗ್ಲಿಷಲ್ಲಿ ಈ ವ್ಯತ್ಯಾಸಕ್ಕೆ ರಿಸೆಂಬ್ಲೆನ್ಸ್ ಹಿಂದೆ ಒಂದು ಶಬ್ದ ಬೀಳ್ತದೆ.

ತಲೆ ಓರೆ ಮಾಡೋ ಬಂಡೆಗೆ "ಎ ವೇಗ್ ರಿಸೆಂಬ್ಲೆನ್ಸ್" ಅಥವಾ "ಎ ಪಾಸಿಂಗ್ ರಿಸೆಂಬ್ಲೆನ್ಸ್". ಹತ್ತಿರದ್ದಕ್ಕೆ "ಎ ಕ್ಲೋಸ್ ರಿಸೆಂಬ್ಲೆನ್ಸ್". ನೋಡಿದ ತಕ್ಷಣ ಹೊಡೆದಂಗೆ ಕಂಡ್ರೆ "ಎ ಸ್ಟ್ರೈಕಿಂಗ್ ರಿಸೆಂಬ್ಲೆನ್ಸ್". ಮೈ ಜುಮ್ ಅನ್ನೋ ಹಂಗಿದ್ರೆ, ಏನೋ ವಿಚಿತ್ರ ಅನ್ಸಿದ್ರೆ "ಆ್ಯನ್ ಅನ್‌ಕ್ಯಾನಿ ರಿಸೆಂಬ್ಲೆನ್ಸ್". ಕ್ರಿಯಾಪದ "ಬೇರ್": "ದ ರಾಕ್ ಬೇರ್ಸ್ ಎ ಸ್ಟ್ರೈಕಿಂಗ್ ರಿಸೆಂಬ್ಲೆನ್ಸ್ ಟು ಆ್ಯನ್ ಎಲಿಫೆಂಟ್." ಮಾತಾಡೋವಾಗ ಬೇರ್ ಸ್ವಲ್ಪ ಭಾರ ಆಗ್ತದೆ, "ಹ್ಯಾಸ್" ಅಥವಾ "ದೇರ್ ಇಸ್" ನಡೀತದೆ.

ಪಾಸಿಂಗ್ ಅಂದ್ರೆ ಎಕ್ಸಾಮ್ ಪಾಸ್ ಆಗೋವಷ್ಟು ಅಂತ ಅಲ್ಲ ಮತ್ತೆ. ಅರೆಬರೆ, ಹಂಗೆ ಹಾದು ಹೋಗೋವಾಗ ಕಂಡಂಗೆ. "ವೆರಿ ಸ್ಟ್ರೈಕಿಂಗ್" ಅನ್ನೋ ಅಗತ್ಯ ಇಲ್ಲ, ಸ್ಟ್ರೈಕಿಂಗ್‌ನಲ್ಲೇ ಜೋರು ಇದೆ. ಉಚ್ಚಾರದಲ್ಲಿ ನಮ್ಮ ಕಡೆಯವ್ರಿಗೆ ಇ ಮುಂದೆ ಬರ್ತದೆ, ಇಸ್ಟ್ರೈಕಿಂಗು, ಇಸ್ಪಿಟ್ಟಿಂಗು. ಇಸ್ಪೀಟ್ ಆಡೋಕೆ ಹೊರಟಂಗೆ ಕೇಳ್ತದೆ. ಬಾಯಲ್ಲಿ ಹಾವಿನ ಥರ "ಸ್‌ಸ್" ಅಂತ ಶುರು ಮಾಡಿ ಆಮೇಲೆ ಮುಂದಿನ ಅಕ್ಷರಕ್ಕೆ ಹೋಗ್ರಿ, ಒಂದು ವಾರಕ್ಕೆ ಹೋಗ್ತದೆ.

## ಹಂತ 4: ಮುಖಕ್ಕೆ ಇಡಿಯಂ ಹಾಕೋದು

ಇಲ್ಲಿ ನಿಧಾನಕ್ಕೆ ಹೋಗ್ರಿ, ಜಾರೋ ಜಾಗ ಇದೇ.

ದ ಸ್ಪಿಟ್ಟಿಂಗ್ ಇಮೇಜ್ ಆಫ್. ನಮ್ಮ ಪಡಿಯಚ್ಚು, ತದ್ರೂಪ, ಅಚ್ಚು ಒತ್ತಿದಂಗೆ ಅನ್ನೋದು. ಹಿಂದೆ "ದ", ಮುಂದೆ "ಆಫ್". "ಶೀ ಇಸ್ ದ ಸ್ಪಿಟ್ಟಿಂಗ್ ಇಮೇಜ್ ಆಫ್ ಹರ್ ಮದರ್." ಸ್ಪಿಟ್ ಅಂದ್ರೆ ಉಗುಳು ಅಂತ ಗೊತ್ತಿದ್ದು ಅನೇಕರು ಇದನ್ನ ಬೈಗುಳ ಅಂದ್ಕೊಳ್ತಾರೆ, ಹಂಗೇನಿಲ್ಲ, ಮುದ್ದಿನ ಮಾತೇ. ಹಿಂದೆ "ಸ್ಪಿಟ್ ಆ್ಯಂಡ್ ಇಮೇಜ್" ಅಂತಿದ್ದಿದ್ದು ಬಾಯಿಂದ ಬಾಯಿಗೆ ಸವೆದು ಹಿಂಗಾಯ್ತು. "ಸ್ಪ್ಲಿಟ್ಟಿಂಗ್ ಇಮೇಜ್" ಅಂತ ಬರೀಬ್ಯಾಡ್ರಿ. ಮಕ್ಳು ಇಬ್ರಿದ್ರೂ ಇಮೇಜ್ ಒಂದೇ: "ದ ಬಾಯ್ಸ್ ಆರ್ ದ ಸ್ಪಿಟ್ಟಿಂಗ್ ಇಮೇಜ್ ಆಫ್ ದೇರ್ ಫಾದರ್." ಎಸ್ ಸೇರ್ಸೋಕೆ ಕೈ ತುರಿಸ್ತದೆ, ಸೇರಿಸ್ಬ್ಯಾಡ್ರಿ. ಇದು ಪೂರ್ತಿ ಮುಖಕ್ಕೆ, ಮೂಗೊಂದೇ ಹೋಲ್ತಿದ್ರೆ ಇದನ್ನ ಬಳಸೋಕಾಗಲ್ಲ.

ಎ ಡೆಡ್ ರಿಂಗರ್ ಫಾರ್. ಬಾಲ ನೋಡ್ರಿ, ಫಾರ್. ಆಫ್ ಅಲ್ಲ. ಇದು ಸಂಬಂಧ ಇಲ್ದೋರಿಗೆ ಜಾಸ್ತಿ ಓಡ್ತದೆ. ಬಸ್‌ಸ್ಟ್ಯಾಂಡಲ್ಲಿ ಕಂಡ ಕಂಡಕ್ಟರ್ರು ಯಾವ್ದೋ ಹೀರೋ ಥರಾನೇ ಇದ್ರೆ, "ದ ಕಂಡಕ್ಟರ್ ವಾಸ್ ಎ ಡೆಡ್ ರಿಂಗರ್ ಫಾರ್" ಅಂತ ಹೀರೋ ಹೆಸ್ರು ಹಾಕ್ರಿ. ಇದಕ್ಕೊಂದು ವಾಟ್ಸಾಪ್ ಕಥೆ ಇದೆ, ಹಿಂದಿನ ಕಾಲದಲ್ಲಿ ಹೆಣ ಹೂಳೋವಾಗ ಕೈಗೆ ಗಂಟೆ ಕಟ್ತಿದ್ರು, ಜೀವ ಇದ್ರೆ ಹೊಡೀಲಿ ಅಂತ, ಅದಕ್ಕೇ ಡೆಡ್ ರಿಂಗರ್ ಅಂತ. ಆ ಮಾತಿಗೂ ಈ ಗಂಟೆಗೂ ಸಂಬಂಧ ಇಲ್ಲ. ಕುದುರೆ ರೇಸಲ್ಲಿ ಮೋಸ ಮಾಡೋಕೆ ಒಂದು ಕುದುರೆ ಬದ್ಲು ಅದರ ಥರಾನೇ ಇರೋ ಇನ್ನೊಂದನ್ನ ಓಡ್ಸೋರು, ಆ ಕಳ್ಳ ಕುದುರೆಗೆ ಅಮೆರಿಕದಲ್ಲಿ ರಿಂಗರ್ ಅನ್ನೋರು. ಡೆಡ್ ಅಂದ್ರೆ ಇಲ್ಲಿ "ಕರೆಕ್ಟಾಗಿ" ಅಂತ, ಡೆಡ್ ಸೆಂಟರ್ ಅಂತಾರಲ್ಲ ಹಂಗೆ. ಇಷ್ಟಾದ್ರೂ ತಿಥಿ ಮನೆಲಿ, ಸತ್ತೋರ ಫೋಟೋ ಮುಂದೆ ನಿಂತು ಮಗನ್ನ ನೋಡಿ ಇದನ್ನ ಬಳಸ್ಬ್ಯಾಡ್ರಿ. ವ್ಯಾಕರಣ ಸರಿ ಇರ್ತದೆ, ಸಂದರ್ಭ ಸರಿ ಇರಲ್ಲ.

ಲುಕ್‌ಅಲೈಕ್ ಮತ್ತೆ ಲುಕ್ ಅಲೈಕ್. ಕೂಡ್ಸಿ ಬರೆದ್ರೆ ವ್ಯಕ್ತಿ, ಬಿಡ್ಸಿ ಬರೆದ್ರೆ ಕ್ರಿಯೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಕ್ಕೆ ಜೂನಿಯರ್ ವಿಷ್ಣುವರ್ಧನ್, ಜೂನಿಯರ್ ರಾಜ್‌ಕುಮಾರ್ ಬರ್ತಾರಲ್ಲ, ಅವ್ರು ಇಂಗ್ಲಿಷಲ್ಲಿ "ಎ ವಿಷ್ಣುವರ್ಧನ್ ಲುಕ್‌ಅಲೈಕ್". ಇಂಗ್ಲಿಷಲ್ಲಿ ಹೆಸರಿನ ಜೊತೆ ಜೂನಿಯರ್ ಬಂದ್ರೆ ಅಪ್ಪನ ಹೆಸರೇ ಇರೋ ಮಗ ಅಂತ ಅರ್ಥ, ಹಂಗಾಗಿ ಹೊರಗಿನೋರ ಹತ್ರ "ಜೂನಿಯರ್ ವಿಷ್ಣುವರ್ಧನ್ ಕೇಮ್ ಟು ಅವರ್ ಏರಿಯಾ" ಅಂದ್ರೆ ಅವ್ರ ಮಗ ಬಂದಿದ್ರು ಅಂದ್ಕೊಳ್ತಾರೆ. ದನಿ, ನಡೆ, ಸ್ಟೈಲು ಎಲ್ಲಾ ಮಾಡಿ ತೋರ್ಸೋರಾದ್ರೆ "ಇಂಪರ್ಸೊನೇಟರ್". "ಡೂಪ್ಲಿಕೇಟ್" ಅಂತೂ ಮನುಷ್ಯರಿಗೆ ಬ್ಯಾಡವೇ ಬ್ಯಾಡ, ನಕಲಿ ಮಾಲು ಅಂದಂಗೆ.

ಬಿಡ್ಸಿ ಬರೆಯೋ ಲುಕ್ ಅಲೈಕ್‌ಗೆ ಇಬ್ರು ಬೇಕು: "ದ ಸಿಸ್ಟರ್ಸ್ ಲುಕ್ ಅಲೈಕ್." "ಶೀ ಲುಕ್ಸ್ ಅಲೈಕ್ ಹರ್ ಸಿಸ್ಟರ್" ತಪ್ಪು. "ಅಲೈಕ್ ಟ್ವಿನ್ಸ್" ಅಂತ ಮುಂದೆ ಹಾಕೋದೂ ತಪ್ಪು, ಅಲ್ಲಿ "ಐಡೆಂಟಿಕಲ್ ಟ್ವಿನ್ಸ್".

ಡಾಪಲ್‌ಗ್ಯಾಂಗರ್. ಜರ್ಮನ್ ಶಬ್ದ, ಹಳೇ ಕಥೆಗಳಲ್ಲಿ ಇದು ಬದುಕಿರೋ ಮನುಷ್ಯನ ಭೂತದಂಥಾ ಇನ್ನೊಂದು ರೂಪ, ಕಂಡ್ರೆ ಅಪಶಕುನ. ಈಗ ತಮಾಷೆಗೆ ಬಳಸ್ತಾರೆ, "ಐ ಸಾ ಯುವರ್ ಡಾಪಲ್‌ಗ್ಯಾಂಗರ್ ಇನ್ ಹುಬ್ಬಳ್ಳಿ." ಒಡಹುಟ್ಟಿದವ್ರಿಗೆ, ಅಪ್ಪ ಮಕ್ಕಳಿಗೆ ಹಾಕ್ಬ್ಯಾಡ್ರಿ, ಸಂಬಂಧ ಇಲ್ಲದೇನೇ ಹೋಲೋದು ಇದರ ಮಜಾ. ಇದು ಬಾಯಿಗೆ ಬರ್ಲಿಲ್ಲ ಅಂದ್ರೆ "ಯುವರ್ ಡಬಲ್" ಅನ್ರಿ, ಅಷ್ಟೇ ಅರ್ಥ.

ಎ ಕಾರ್ಬನ್ ಕಾಪಿ ಆಫ್. "ಅಪ್ಪನ ಜೆರಾಕ್ಸು" ಅಂತೀವಲ್ಲ, ಅದೇ. ಇಂಗ್ಲಿಷ್ ಮನೆಮಾತಿನವ್ರ ಬಾಯಲ್ಲಿ ಜೆರಾಕ್ಸ್ ಬದ್ಲು ಕಾರ್ಬನ್ ಕಾಪಿ ಬರ್ತದೆ. ವಸ್ತುಗೂ ಘಟನೆಗೂ ಆಗ್ತದೆ. ಮನುಷ್ಯರಿಗೆ ಹೇಳೋವಾಗ ಸ್ವಲ್ಪ ಕಾಲೆಳೆಯೋ ಧ್ವನಿ ಬರಬಹುದು, ಸ್ವಂತದ್ದೇನಿಲ್ಲ ಅನ್ನೋ ಹಂಗೆ, ದನಿ ನೋಡ್ಕೊಂಡು ಹೇಳ್ರಿ.

ಇನ್ಸ್ಟಾಗ್ರಾಮ್‌ನೋರಿಗೆ ಒಂದು ಮಾತು: ಮಗು ನಿಮ್ಮ ಥರ ಇದ್ರೆ "ಮೈ ಮಿನಿ ಮಿ". "ಟ್ವಿನ್ನಿಂಗ್" ಅಂದ್ರೆ ಒಂದೇ ಥರ ಬಟ್ಟೆ ಹಾಕ್ಕೊಂಡಿರೋದು, ಮುಖಕ್ಕೂ ಅದಕ್ಕೂ ಸಂಬಂಧ ಇಲ್ಲ.

## ಹಂತ 5: ಗುಣಕ್ಕೆ ಹೇಳೋದು

"ಹೀ ಇಸ್ ಎ ಚಿಪ್ ಆಫ್ ದಿ ಓಲ್ಡ್ ಬ್ಲಾಕ್." ಮರದ ದಿಮ್ಮಿಯಿಂದ ಹಾರಿದ ಚಕ್ಕೆ. ಅಪ್ಪ ಅಡಿಕೆ ವ್ಯಾಪಾರದಲ್ಲಿ ಗಟ್ಟಿ, ಮಗನೂ ಹಂಗೇ ಅಂದ್ರೆ ಇದು ಹೊಂದ್ತದೆ, ಮೆಚ್ಚುಗೆ ಮಾತು. ಈಗ ಬಳಕೇಲಿ ಇರೋ ಆಫ್‌ಗೆ ಎರಡು ಎಫ್, "ಕಿತ್ತು ಬಂದ" ಅನ್ನೋ ಅರ್ಥದ್ದು. ಹಳೇ ಪುಸ್ತಕದಲ್ಲಿ ಒಂದು ಎಫ್ ಕಂಡ್ರೆ ಅದು ಆ ಕಾಲದ ರೂಪ, ಪ್ರಿಂಟ್ ಮಿಸ್ಟೇಕ್ ಅಲ್ಲ. ಕಿವಿಗೆ ಕನ್ನಡದೋರಿಗೆ ಎರಡೂ ಒಂದೇ, ಬರೆಯೋವಾಗ ಸಿಕ್ಕಿಬೀಳ್ತೀರಿ.

"ದಿ ಆ್ಯಪಲ್ ಡಸಂಟ್ ಫಾಲ್ ಫಾರ್ ಫ್ರಮ್ ದ ಟ್ರೀ." ನೂಲಿನಂತೆ ಸೀರೆ ತಾಯಿಯಂತೆ ಮಗಳು ಅನ್ನೋ ಜಾತಿದು. ನಮ್ಮ ಗಾದೆ ಥರಾನೇ ಇದೂ ಎರಡು ಅಲಗಿನ ಕತ್ತಿ, ಬಹಳ ಸಲ ಕೆಟ್ಟ ಗುಣ ಎತ್ತಿ ತೋರ್ಸೋಕೆ ಬರ್ತದೆ. "ಲೈಕ್ ಫಾದರ್, ಲೈಕ್ ಸನ್" ಕೂಡ ಅಷ್ಟೇ. ಬೀಗರ ಮುಂದೆ ಮದ್ವೆ ಹುಡುಗಿ ಬಗ್ಗೆ ಈ ಆ್ಯಪಲ್ ಉರುಳ್ಸೋಕೆ ಹೋಗ್ಬ್ಯಾಡ್ರಿ, ಏನೋ ಚುಚ್ಚಿದ್ರು ಅಂತ ತಗೊಳ್ತಾರೆ.

ಸಂಬಂಧ ಇಲ್ದೋರ ಗುಣಕ್ಕೆ "ದೇ ಆರ್ ಕಟ್ ಫ್ರಮ್ ದ ಸೇಮ್ ಕ್ಲಾತ್". ಒಂದೇ ತಾನಿನ ಬಟ್ಟೆ. ಒಂದು ಕಾಲಕ್ಕೆ ಕಾಟನ್ ಮಿಲ್ಲಿಗೆ ಹೆಸರಾಗಿದ್ದ ದಾವಣಗೆರೆಯವರಿಗೆ ಇದನ್ನ ಬಿಡ್ಸಿ ಹೇಳೋದೇನು ಬಂತು.

## ಹಂತ 6: ವಸ್ತು, ಜೋಡಿ, ಗುಂಪು

ಎರಡು ಹೋಟ್ಲಿನ ಬೆಣ್ಣೆ ದೋಸೆ ಅಕ್ಕಪಕ್ಕ ಇಟ್ಟು ನೋಡ್ರಿ. ಅದೇ ಕೆಂಪು, ಅದೇ ಅಂಚಿನ ಗರಿ, ಮೇಲೆ ಅಷ್ಟೇ ಬೆಣ್ಣೆ ಕರಗ್ತಾ ಇಳೀತಿರೋದು, ಪಕ್ಕದಲ್ಲಿ ಅದೇ ಆಲೂಗಡ್ಡೆ ಪಲ್ಯ. ಇದಕ್ಕೆ ಸ್ಪಿಟ್ಟಿಂಗ್ ಇಮೇಜ್ ಅಂದ್ರೆ ತಮಾಷೆ ಮಾಡ್ತಿದೀರಿ ಅಂದ್ಕೊಳ್ತಾರೆ, ಅದು ಮುಖ ಇರೋದಕ್ಕೆ. ದೋಸೆಗೆ "ದೇ ಲುಕ್ ಐಡೆಂಟಿಕಲ್" ಸಾಕು. ಇನ್ನೂ ಚಂದ ಬೇಕಂದ್ರೆ "ಐ ಕಾಂಟ್ ಟೆಲ್ ದೆಮ್ ಅಪಾರ್ಟ್." ಈ "ಟೆಲ್ ಅಪಾರ್ಟ್" ಅನ್ನೋದು ನಮ್ಮೋರು ಕಲಿಯೋದೇ ಇಲ್ಲ, ಯಾಕಂದ್ರೆ ಇದ್ರಲ್ಲಿ "ಥರ" ಎಲ್ಲೂ ಇಲ್ಲ, "ಯಾವ್ದು ಯಾವ್ದು ಅಂತ ಗೊತ್ತಾಗ್ತಿಲ್ಲ" ಅನ್ನೋದು ಇದು. ಅವಳಿ ಮಕ್ಳಿಗೂ ಇದೇ ಬೆಸ್ಟು. ನಾಲಿಗೆಗಿಟ್ಟ ಮೇಲೆ ದೋಸೆ ಕಥೆ ಬೇರೆ, ಅದಕ್ಕೆ "ದೇ ಲುಕ್ ದ ಸೇಮ್ ಬಟ್ ಟೇಸ್ಟ್ ಡಿಫರೆಂಟ್". ಯಾವ ಹೋಟ್ಲು ಅಂತ ಕೇಳ್ಬ್ಯಾಡ್ರಿ, ಊರಲ್ಲಿ ಇರ್ಬೇಕು ನಾನು.

"ಲೈಕ್ ಟೂ ಪೀಸ್ ಇನ್ ಎ ಪಾಡ್" ಅಂದ್ರೆ ಒಂದೇ ಸಿಪ್ಪೆ ಒಳಗಿನ ಎರಡು ಬಟಾಣಿ ಕಾಳು. ಇಬ್ಬರಿಗೇ. ಮೂರು ಜನಕ್ಕೆ ತ್ರೀ ಪೀಸ್ ಅಂತ ಲೆಕ್ಕ ಹಾಕೋಕೆ ಹೋಗ್ಬ್ಯಾಡ್ರಿ.

ಗುಂಪಿನ ವಿಷ್ಯದಲ್ಲಿ ಒಂದು ಎಚ್ಚರ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿ "ದೇ ಆಲ್ ಲುಕ್ ಅಲೈಕ್" ಅನ್ರಿ, ಯಾರಿಗೂ ಬೇಜಾರಿಲ್ಲ. ಅದೇ ಮಾತನ್ನ ಮಣಿಪುರದೋರು, ಚೀನಾದೋರು, ಆಫ್ರಿಕಾದೋರ ಬಗ್ಗೆ ಅಂದ್ರೆ ಅದು ಜನಾಂಗದ ಅವಮಾನ. ನಾನು ಕೆಟ್ಟ ಮನಸ್ಸಿಂದ ಹೇಳ್ಲಿಲ್ಲ ಅಂದ್ರೂ ಕೆಲಸ ಹೋದ ಮೇಲೆ ಅದು ಸಹಾಯಕ್ಕೆ ಬರಲ್ಲ.

## ಹಂತ 7: ಪರೀಕ್ಷೆ ಮತ್ತೆ ಆಫೀಸಿನ ಬರವಣಿಗೆ

ಇಲ್ಲಿ ಸ್ಪಿಟ್ಟಿಂಗು, ರಿಂಗರ್ರು, ಬಟಾಣಿ ಎಲ್ಲಾ ಬಾಗ್ಲ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬರ್ರಿ. "ಕ್ಲೋಸ್ಲಿ ರಿಸೆಂಬಲ್ಸ್", "ಬೇರ್ಸ್ ಎ ಸ್ಟ್ರೈಕಿಂಗ್ ರಿಸೆಂಬ್ಲೆನ್ಸ್ ಟು", "ಇಸ್ ಆಲ್ಮೋಸ್ಟ್ ಐಡೆಂಟಿಕಲ್ ಟು", ಮೂರು ಸಾಕು. ಐಇಎಲ್‌ಟಿಎಸ್ (ವಿದೇಶಕ್ಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ) ಸ್ಪೀಕಿಂಗಲ್ಲಿ ಮಾತ್ರ ಇಡಿಯಂ ಹಾಕಬಹುದು, ಅಲ್ಲಿ ಸಿಗೋದು 11ರಿಂದ 14 ನಿಮಿಷ, ಅಷ್ಟರಲ್ಲಿ ಒಂದು ಸಾಕು. ನಾಲ್ಕು ತುರುಕಿದ್ರೆ ಬಾಯಿಪಾಠ ಅಂತ ಮುಖದಲ್ಲೇ ಗೊತ್ತಾಗ್ತದೆ.

## ಎಡವಟ್ಟಾಯ್ತು ಅಂತ ಗೊತ್ತಾಗೋದು ಹೆಂಗೆ

ಕೇಳೋರು "ಇನ್ ವಾಟ್ ವೇ?" ಅಂದ್ರೆ ಮುಖಾನಾ ಗುಣಾನಾ ಅಂತ ತಿಳೀಲಿಲ್ಲ, ಹಂತ 1 ಬಿಟ್ಟಿದೀರಿ. ಹುಬ್ಬು ಗಂಟಾಗಿ ಒಂದು ಕ್ಷಣ ತಡೆದು ಆಮೇಲೆ "ಓ!" ಅಂದ್ರೆ ಬಾಲ ತಪ್ಪಿದೆ, ಅರ್ಥ ಹೆಂಗೋ ಮುಟ್ಟಿದೆ, ಮುಂದುವರೀರಿ, ಅಲ್ಲೇ ನಿಂತು ತಿದ್ಕೊಳ್ತಾ ಕೂರಬ್ಯಾಡ್ರಿ. ಮಾತು ನಿಂತು ಪೂರ್ತಿ ಮೌನ ಆದ್ರೆ ಮಾತ್ರ ವಿಷ್ಯ ಬೇರೆ, ಯಾರಿಗೋ ನೋವಾಗಿದೆ. ದತ್ತು ಮಗು, ಎರಡನೇ ಮದುವೆ ಮಕ್ಕಳು, ಬಣ್ಣ, ತೂಕ, ಇವುಗಳ ಹತ್ರ ಹೋಲಿಕೆ ಮಾತೇ ತರಬ್ಯಾಡ್ರಿ.

ಪರಿಚಯ ಇಲ್ದೋರಿಗೆ ನೇರ "ಯೂ ಲುಕ್ ಲೈಕ್" ಅನ್ನೋ ಬದ್ಲು ಮೆತ್ತಗೆ ಶುರು ಮಾಡ್ರಿ: "ಹ್ಯಾಸ್ ಎನಿಒನ್ ಎವರ್ ಟೋಲ್ಡ್ ಯೂ ದಟ್ ಯೂ ಲುಕ್ ಲೈಕ್..." ಅಥವಾ "ಯೂ ರಿಮೈಂಡ್ ಮಿ ಆಫ್ ಮೈ ಬ್ರದರ್." ರಿಮೈಂಡ್‌ಗೆ ಆಫ್ ಬೇಕೇ ಬೇಕು, "ಯೂ ರಿಮೈಂಡ್ ಮಿ ಮೈ ಬ್ರದರ್" ಅಂದ್ರೆ ಅರ್ಧಕ್ಕೆ ಮುರಿದಂಗೆ. ಆ ಯಾರ ಥರ ಅಂತೀರೋ ಅವ್ರು ಚಂದ ಇರ್ಲಿ, ಇದಕ್ಕೆ ಗ್ರಾಮರ್ ಪುಸ್ತಕ ಬೇಕಿಲ್ಲ.

## ಹಂತ 8: ಫೋಟೋ ಇಟ್ಕೊಂಡು ಪ್ರಾಕ್ಟೀಸು

ದಿನಕ್ಕೆ ಒಂದು ಫೋಟೋ. ಮೊದ್ಲು ಮೂಗು ಕಣ್ಣಿನ ವಾಕ್ಯ, ಆಮೇಲೆ ಲುಕ್ಸ್ ಲೈಕ್, ಆಮೇಲೆ ಟೇಕ್ಸ್ ಆಫ್ಟರ್, ಕೊನೆಗೆ ಒಂದೇ ಒಂದು ಇಡಿಯಂ. ಇದೇ ಆರ್ಡರಲ್ಲಿ, ಜೋರಾಗಿ, ರೆಕಾರ್ಡ್ ಮಾಡಿ. ಮಾರನೇ ದಿನ ಕೇಳೋವಾಗ ಅರ್ಥ ಬಿಟ್ಟು ಬರೀ ಬಾಲ ಕೇಳಿಸ್ಕೊಳ್ರಿ: ಆಫ್, ಫಾರ್, ಟು, ಆ್ಯಸ್. ತಪ್ಪಿದ ಕಡೆ ನೋಟ್‌ಬುಕ್ಕಿನ ಮೂರನೇ ಕಾಲಂನಲ್ಲಿ ಕೆಂಪು ಪೆನ್ನು. ವಾರದ ಕೊನೆಗೆ ಕೆಂಪು ಎಲ್ಲಿ ಗುಡ್ಡೆ ಬಿದ್ದಿದೆ ನೋಡಿ ಅಷ್ಟನ್ನ ಮಾತ್ರ ಮತ್ತೆ ಮಾಡ್ರಿ.

ಹೋದ ಬ್ಯಾಚಲ್ಲಿ ಹರಿಹರದ ಕಡೆಯಿಂದ ಬರೋ ಒಬ್ಳು ಹುಡುಗಿ ಇದ್ಲು. ಎರಡು ಫೋಟೋ ತಂದಿದ್ಲು, ಒಂದು ಅಂಚು ಹರಿದ ಕಪ್ಪುಬಿಳುಪು, ಅಜ್ಜಿ ಕುರ್ಚಿ ಮೇಲೆ ನೆಟ್ಟಗೆ ಕೂತಿರೋದು, ಇನ್ನೊಂದು ಮೊಬೈಲಲ್ಲಿ ತಂಗಿದು. ಅದೇ ಅಗಲ ಹಣೆ, ಕ್ಯಾಮೆರಾ ಮೇಲೆ ಸಿಟ್ಟಿರೋ ಅದೇ ನೋಟ. ಮನೇಲಿ "ಅಜ್ಜಿನೇ ಹುಟ್ಟಿ ಬಂದಾಳೆ" ಅಂತಾರಂತೆ, ಅದನ್ನ "ಮೈ ಗ್ರ್ಯಾಂಡ್‌ಮದರ್ ಇಸ್ ಬಾರ್ನ್ ಅಗೇನ್" ಅಂದ್ಲು. ಬಾರ್ನ್ ಅಗೇನ್ ಅಂದ್ರೆ ಕೇಳೋರು ಅಜ್ಜಿ ಕ್ರೈಸ್ತ ಧರ್ಮದಲ್ಲಿ ಹೊಸ ಹುಟ್ಟು ಪಡೆದ್ರು ಅಂತ ತಿಳ್ಕೊಳ್ತಾರೆ, ಪಾಪ ಆಯಮ್ಮ ದುರ್ಗಮ್ಮನ ಜಾತ್ರೆ ಒಂದೂ ತಪ್ಪಿಸ್ದೋರಲ್ಲ. ಈ ಮಾತಿಗೆ ಇಂಗ್ಲಿಷಲ್ಲಿ ಸರಿಯಾದ ಜೋಡಿ ಇದೆ, ನಮ್ಮದರಷ್ಟೇ ಹಿತವಾಗಿದೆ, ಯಾರೂ ಕಲಿಸಲ್ಲ ಅಷ್ಟೇ: "ಆಲ್ ಓವರ್ ಅಗೇನ್". ಇದಕ್ಕೆ ಲೈಕ್ ಬೇಡ, ಆಫ್ ಬೇಡ, ಯಾವ ಬಾಲಾನೂ ಬೇಡ. ಬೋರ್ಡ್ ಮೇಲೆ ಬರೆದೆ. ಅವಳು ಎರಡೂ ಫೋಟೋ ಪಕ್ಕಪಕ್ಕ ಹಿಡ್ಕೊಂಡು ಮತ್ತೆ ಹೇಳಿದ್ಲು, "ಶೀ ಇಸ್ ಮೈ ಗ್ರ್ಯಾಂಡ್‌ಮದರ್ ಆಲ್ ಓವರ್ ಅಗೇನ್."